ಸಂಪಾದಕನ ಹೊಣೆ, ಸಮಾಜದ ಚರ್ಚೆ

ಪುಣೆಯ ವಾಕಡದಂತಹ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಿಗೆ ಸಮಾಜದ ಸುದ್ದಿ ಇಂದು ಮುಟ್ಟುವುದು ಬಹುಮಟ್ಟಿಗೆ ಮೊಬೈಲಿನ ಮೂಲಕ. ಊರಿನ ಬಸದಿಯ ಪಂಚಕಲ್ಯಾಣದ ಆಮಂತ್ರಣ, ಮುನಿಸಂಘದ ವಿಹಾರದ ವಿವರ, ಯಾವುದೋ ತೀರ್ಪಿನ ಬಗೆಗಿನ ಆವೇಶದ ಬರಹ, ಚುನಾವಣೆಯ ಮನವಿ, ಇವೆಲ್ಲವೂ ಒಂದೇ ವಾಟ್ಸಾಪ್ ಗುಂಪಿನಲ್ಲಿ ಒಂದರ ಹಿಂದೊಂದು ಬಂದು ಬೀಳುತ್ತವೆ. ಬರೆದವರು ಯಾರು, ಪರಿಶೀಲಿಸಿದವರು ಯಾರು, ತಪ್ಪಿದ್ದರೆ ತಿದ್ದುವವರು ಯಾರು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಇಂತಹ ಕಾಲದಲ್ಲಿ ಸಂಪಾದಕನೇಕೆ ಬೇಕು ಎಂದು ಕೇಳುವವರು ತಾವು ವಾಸಿಸುತ್ತಿರುವ ನಗರದ ಇತಿಹಾಸವನ್ನೇ ಒಮ್ಮೆ ತಿರುವಿ ನೋಡಬೇಕು.

1881ರ ಜನವರಿಯಲ್ಲಿ ಪುಣೆಯಲ್ಲಿ ‘ಕೇಸರಿ’ ಹುಟ್ಟಿದಾಗ ಅದರ ಮೊದಲ ಸಂಪಾದಕರು ಗೋಪಾಳ ಗಣೇಶ ಆಗರ್ಕರ್. ಜೊತೆಯ ಇಂಗ್ಲಿಷ್ ಪತ್ರಿಕೆ ‘ಮರಾಠಾ’ದ ಹೊಣೆ ಬಾಲ ಗಂಗಾಧರ ತಿಲಕರದು. ಕೊಲ್ಹಾಪುರ ಸಂಸ್ಥಾನದ ದಿವಾನರ ಕುರಿತ ಬರಹಗಳಿಗಾಗಿ 1882ರಲ್ಲಿ ಇಬ್ಬರೂ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನಗಳನ್ನು ಕಳೆದರು. ಒಟ್ಟಿಗೆ ಸೆರೆಯನ್ನು ಅನುಭವಿಸಿದ ಈ ಗೆಳೆಯರು ಸಮಾಜ ಸುಧಾರಣೆಯ ಪ್ರಶ್ನೆಯಲ್ಲಿ ಬೇರೆಯಾದರು. ಆಗರ್ಕರರು ‘ಕೇಸರಿ’ಯನ್ನು ಬಿಟ್ಟು 1888ರಲ್ಲಿ ‘ಸುಧಾರಕ’ವನ್ನು ಆರಂಭಿಸಿದರು.

1891ರ ಸಮ್ಮತಿ ವಯಸ್ಸಿನ ಕಾಯ್ದೆಯು ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಪರಕೀಯ ಸರ್ಕಾರವು ಧರ್ಮದ ವಿಷಯದಲ್ಲಿ ಕಾನೂನು ಮಾಡಕೂಡದೆಂದು ತಿಲಕರು ಅದನ್ನು ವಿರೋಧಿಸಿದರು. ಆಗರ್ಕರರು ಬೆಂಬಲಿಸಿದರು. ಬದುಕಿರುವಾಗಲೇ ತಮ್ಮ ಅಣಕು ಶವಯಾತ್ರೆಯನ್ನು ಕಾಣಬೇಕಾಗಿ ಬಂದರೂ 1895ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಳ್ಳುವವರೆಗೆ, ಅವರು ಲೇಖನಿಯನ್ನು ಕೆಳಗಿಡಲಿಲ್ಲ.

ಇಲ್ಲಿ ಯಾರು ಗೆದ್ದರು ಎಂಬುದಕ್ಕಿಂತ ಮುಖ್ಯವಾದುದು ಬೇರೊಂದಿದೆ. ‘ಸರ್ಕಾರವೋ ಧರ್ಮವೋ’ ಎಂದು ಪ್ರಶ್ನೆಯನ್ನು ಇಟ್ಟರೆ ಓದುಗನು ಸಹಜವಾಗಿ ಧರ್ಮದ ಪಕ್ಷಕ್ಕೆ ಸರಿಯುತ್ತಾನೆ. ‘ಈ ಬಾಲೆಯ ಗತಿಯೇನು’ ಎಂದು ಕೇಳಿದರೆ ಅದೇ ಓದುಗನು ತನ್ನ ಮನೆಯ ಮಗಳನ್ನು ನೆನೆಯುತ್ತಾನೆ. ಸಂಪಾದಕನ ಅಧಿಕಾರವಿರುವುದು ಉತ್ತರವನ್ನು ಹೇಳುವುದರಲ್ಲಿ ಅಲ್ಲ, ಪ್ರಶ್ನೆಯನ್ನು ಆರಿಸುವುದರಲ್ಲಿ.

ಜೈನ ಸಮಾಜಕ್ಕೆ ಈ ಮಾತು ಹೊರಗಿನದಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನಾಗಿ ಎಣಿಸಿ ಶಿಕ್ಷಾರ್ಹವೆಂದಿತು. ಸಮಾಜವು ಹಲವು ನಗರಗಳಲ್ಲಿ ಮೌನ ಮೆರವಣಿಗೆ ನಡೆಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಶೀರ್ಷಿಕೆಯಲ್ಲಿ ‘ಆತ್ಮಹತ್ಯೆ’ ಎಂದು ಬರೆಯುವುದೋ ‘ಸಲ್ಲೇಖನ’ ಎಂದು ಬರೆಯುವುದೋ ಎಂಬ ಆಯ್ಕೆಯೇ ಓದುಗನ ಅರ್ಧ ತೀರ್ಮಾನವನ್ನು ಮುಗಿಸಿಬಿಡುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯ ಪ್ರಾಚೀನ ನಿಸಿದಿ ಶಾಸನಗಳನ್ನು ಅರಿಯದೆ ಈ ವಿಷಯದ ಶೀರ್ಷಿಕೆ ಬರೆಯುವ ಸಂಪಾದಕನು ಅನ್ಯಾಯವನ್ನೇ ಮಾಡುತ್ತಾನೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ಪರಿಹಾರವಿಲ್ಲದ ರೋಗ ಇಂತಹ ಸಂದರ್ಭಗಳನ್ನು ಶಾಸ್ತ್ರವೇ ಗೊತ್ತುಮಾಡಿರುವ ವ್ರತವದು.

ಆದರೆ ಹೊರಗಿನ ಪತ್ರಿಕೆಗಳ ಅಜ್ಞಾನವನ್ನು ತೋರಿಸಿದ ಮಾತ್ರಕ್ಕೆ ಸಮಾಜದ ಸಂಪಾದಕನ ಕರ್ತವ್ಯ ಮುಗಿಯುವುದಿಲ್ಲ. 2016ರಲ್ಲಿ ಹೈದರಾಬಾದಿನಲ್ಲಿ 13 ವರ್ಷದ ಬಾಲಕಿಯೊಬ್ಬಳು 68 ದಿನಗಳ ಉಪವಾಸದ ಬಳಿಕ ತೀರಿಕೊಂಡಳು. ಅದು ಸಲ್ಲೇಖನವಲ್ಲ, ಚಾತುರ್ಮಾಸದ ತಪಸ್ಸು. ಇದನ್ನು ‘ತಪಸ್ಸಿನ ಮಹಿಮೆ’ ಎಂದೂ ಬರೆಯಬಹುದು, ‘ಸಮಾಜದ ಮೇಲೆ ಮಾಧ್ಯಮದ ದಾಳಿ’ ಎಂದೂ ಬರೆಯಬಹುದು. ಎರಡೂ ಶೀರ್ಷಿಕೆಗಳಲ್ಲಿ ಮಗುವೇ ಕಾಣೆಯಾಗುತ್ತದೆ. ಎಳೆಯ ವಯಸ್ಸಿನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸಬಹುದೇ, ತಡೆಯಬೇಕಾಗಿದ್ದವರು ಯಾರು ಎಂಬ ಪ್ರಶ್ನೆಯನ್ನು ಸಮಾಜದ ಪತ್ರಿಕೆಯೇ ಎತ್ತಬೇಕು. ಅದು ಸುಮ್ಮನಿದ್ದರೆ ಪೊಲೀಸರೂ ನ್ಯಾಯಾಲಯವೂ ಎತ್ತುತ್ತವೆ; ಆಗ ‘ಧರ್ಮದ ವಿಷಯದಲ್ಲಿ ಹಸ್ತಕ್ಷೇಪ’ ಎಂಬ 1891ರ ಕೂಗೇ ಮತ್ತೆ ಕೇಳಿಬರುತ್ತದೆ.

‘ಅನೇಕಾಂತವೆಂದರೆ ಎಲ್ಲರ ಮಾತೂ ಸರಿ’ ಎಂಬ ಸುಲಭದ ವ್ಯಾಖ್ಯಾನವನ್ನು ಇಲ್ಲಿ ತರುವವರಿದ್ದಾರೆ. ಸ್ಯಾದ್ವಾದವು ಹೇಳುವುದು ಅದನ್ನಲ್ಲ. ಯಾವ ದೃಷ್ಟಿಯಿಂದ, ಯಾವ ಮಿತಿಯೊಳಗೆ ಒಂದು ಮಾತು ನಿಜ ಎಂಬುದನ್ನು ಮಾತಿನ ಜೊತೆಗೇ ಹೇಳಬೇಕೆಂಬುದು ಅದರ ಶಿಸ್ತು. ಲೆಕ್ಕಪರಿಶೋಧಕರ ವೃತ್ತಿಯಲ್ಲಿಯೂ ಇದಕ್ಕೆ ಹೋಲುವ ಪದ್ಧತಿಯಿದೆ. ಲೆಕ್ಕಪತ್ರದಲ್ಲಿ ಒಂದು ಬಾಬು ಸರಿಯಿಲ್ಲದಿದ್ದರೆ ಪರಿಶೋಧಕನು ಇಡೀ ಪುಸ್ತಕವನ್ನು ತಳ್ಳಿಹಾಕುವುದಿಲ್ಲ, ಕಣ್ಣು ಮುಚ್ಚಿ ಸಹಿಯನ್ನೂ ಹಾಕುವುದಿಲ್ಲ. ‘ಇದೊಂದನ್ನು ಹೊರತುಪಡಿಸಿ’ ಎಂದು ಕಾರಣಸಹಿತ ಬರೆದು, ಅದರ ಕೆಳಗೆ ತನ್ನ ಹೆಸರನ್ನು ಹಾಕುತ್ತಾನೆ. ಸಂಪಾದಕನಿಂದ ಸಮಾಜವು ನಿರೀಕ್ಷಿಸಬೇಕಾದುದು ಇಷ್ಟೇ.

ಹೆಸರು ಹಾಕುವುದು ಸಣ್ಣ ವಿಷಯವಲ್ಲ. ಪತ್ರಿಕೆಯ ಪ್ರತಿಯೊಂದು ಪ್ರತಿಯಲ್ಲಿ ಸಂಪಾದಕನ ಹೆಸರು ಅಚ್ಚಾಗಬೇಕೆಂಬ ನಿಯಮ 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆಯಲ್ಲಿತ್ತು. ಆ ಹೆಸರಿನವನು ನ್ಯಾಯಾಲಯದಲ್ಲಿ ಉತ್ತರಿಸಬೇಕಿತ್ತು. ವಾಟ್ಸಾಪ್ ಗುಂಪಿನ ಸ್ಥಿತಿ ಬೇರೆ. ಸಮಾನ ಉದ್ದೇಶವಾಗಲಿ ಪೂರ್ವಯೋಜನೆಯಾಗಲಿ ಇಲ್ಲದಿದ್ದರೆ ಸದಸ್ಯನ ಬರಹಕ್ಕೆ ಅಡ್ಮಿನ್ ಹೊಣೆಯಲ್ಲವೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿತು. ಕಾನೂನಿನ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಯಾರೂ ಹೊಣೆಯಲ್ಲದ ಕಡೆ ನಡೆಯುವ ಚರ್ಚೆಯಿಂದ ಸಮಾಜವು ತನ್ನ ಅಭಿಪ್ರಾಯವನ್ನು ರೂಪಿಸಿಕೊಳ್ಳುವುದು ವಿವೇಕವಲ್ಲ.

1899ರಲ್ಲಿ ನಿಪ್ಪಾಣಿಯ ಬಳಿಯ ಸ್ತವನಿಧಿಯಲ್ಲಿ ಆರಂಭವಾಗಿ ಇಂದು ದಕ್ಷಿಣ ಭಾರತ ಜೈನ ಸಭೆಯೆಂದು ಹೆಸರಾಗಿರುವ ಸಂಸ್ಥೆಯು ‘ಪ್ರಗತಿ ಆಣಿ ಜಿನವಿಜಯ’ ಪತ್ರಿಕೆಯನ್ನು ನಡೆಸಿಕೊಂಡು ಬಂದಿತು. ಅಣ್ಣಾಸಾಹೇಬ ಲಠ್ಠೆಯವರಂತಹ ಸುಧಾರಕರು ಆ ಸಭೆಯಲ್ಲಿ ದುಡಿದರು. ಸುಧಾರಣೆ ಬೇಕೆನ್ನುವ ಸಮಾಜಕ್ಕೆ ಸಭೆಯಷ್ಟೇ ಪತ್ರಿಕೆಯೂ ಅವಶ್ಯವೆಂಬುದು ಆ ಹಿರಿಯರಿಗೆ ತಿಳಿದಿತ್ತು.

ಇಂದಿನ ಸಂಪಾದಕರ ಮುಂದಿರುವ ಕೆಲಸ ಕಷ್ಟದ್ದಾದರೂ ಅಸ್ಪಷ್ಟವಲ್ಲ. ಸವಾಲಿನಲ್ಲಿ ಕೂಗಿದ ಮೊತ್ತವನ್ನು ಅಚ್ಚುಹಾಕುವಷ್ಟೇ ಆಸಕ್ತಿಯಿಂದ ಅದರ ಖರ್ಚಿನ ಲೆಕ್ಕವನ್ನೂ ಕೇಳಬೇಕು. ಟ್ರಸ್ಟಿಗಳಿಗೆ ಒಪ್ಪಿಗೆಯಾಗದ ಪತ್ರಕ್ಕೂ ಜಾಗ ಕೊಡಬೇಕು. ಪಕ್ಷದ ಮನವಿಯನ್ನು ಸಮಾಜದ ನಿರ್ಣಯವೆಂಬಂತೆ ಪ್ರಕಟಿಸಕೂಡದು. ತಪ್ಪಾದಾಗ, ತಪ್ಪು ಬಂದ ಪುಟದಲ್ಲಿಯೇ ತಿದ್ದುಪಡಿ ಬರಬೇಕು. ಹೀಗೆ ನಡೆಯುವ ಸಂಪಾದಕನಿಗೆ ಜಾಹೀರಾತು ತಪ್ಪಬಹುದು, ವೇದಿಕೆಯ ಮೇಲಿನ ಕುರ್ಚಿಯೂ ತಪ್ಪಬಹುದು. ಆ ನಷ್ಟವನ್ನು ಅವನೊಬ್ಬನ ಮೇಲೆಯೇ ಹೊರಿಸಿ ಓದುಗರು ಸುಮ್ಮನಿರಬಾರದು. ಚಂದಾ ಕಟ್ಟುವುದು, ಹೆಸರು ಹಾಕಿ ಪತ್ರ ಬರೆಯುವುದು, ಹೆಸರಿಲ್ಲದ ಬರಹವನ್ನು ಮುಂದಕ್ಕೆ ಕಳುಹಿಸದಿರುವುದು, ಇವು ಮೂರೂ ಊರಿನಿಂದ ದೂರವಿರುವ ಪ್ರತಿಯೊಂದು ಮನೆಯಿಂದಲೂ ಇಂದೇ ಆಗಬಹುದಾದ ಕೆಲಸಗಳು.