ದೆವ್ವದ ಕಾದಂಬರಿಗೆ ಹೆದರುವವರಿಗೆ ಒಂದು ಮಾತು



ಈ ಬಾರಿಯ ಯುಗಾದಿಗೆ ಸೊಕ್ಕೆಯ ನಮ್ಮ ಹಳೆಯ ಮನೆ ಮಕ್ಕಳು ಮೊಮ್ಮಕ್ಕಳಿಂದ ತುಂಬಿತ್ತು. ಸಂಜೆ ಚಂದ್ರದರ್ಶನ ಮಾಡಿ, ಹಿರಿಯರಿಗೆ ನಮಸ್ಕರಿಸಿ ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದೆವು. ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಪಿ.ಯು.ಸಿ. ಓದುತ್ತಿರುವ ನನ್ನ ತಂಗಿಯ ಮೊಮ್ಮಗಳು ಮಾತ್ರ ಕಂಬಕ್ಕೆ ಒರಗಿ ಒಂದು ಇಂಗ್ಲಿಷ್ ಕಾದಂಬರಿಯಲ್ಲಿ ಮುಳುಗಿದ್ದಳು. ರಕ್ಷಾಪುಟದಲ್ಲಿ ಮುಖದ ಮೇಲೆ ರಕ್ತ ಸುರಿದ ಹುಡುಗಿಯ ಚಿತ್ರ. ಯಾರೋ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡರು. ಅದು ಕೈಯಿಂದ ಕೈಗೆ ದಾಟಿತು. ಅಲ್ಲಿದ್ದವರಲ್ಲಿ ಇಬ್ಬರು ಅದನ್ನು ಹಿಂದೆಯೇ ಓದಿದ್ದರು, ಒಬ್ಬರು ಸಿನಿಮಾ ನೋಡಿದ್ದರು, ಉಳಿದವರು ಹಿಂಬದಿಯ ಪುಟವನ್ನಷ್ಟೇ ಓದಿದರು. ಅಭಿಪ್ರಾಯವನ್ನು ಮಾತ್ರ ಎಲ್ಲರೂ ಹೇಳಿದರು!

ಪುಸ್ತಕದ ಹೆಸರು ‘ಕ್ಯಾರಿ’. ಬರೆದವರು ಅಮೆರಿಕದ ಸ್ಟೀಫನ್ ಕಿಂಗ್. 1974ರಲ್ಲಿ ಪ್ರಕಟವಾದ ಇದು ಅವರ ಮೊದಲ ಮುದ್ರಿತ ಕಾದಂಬರಿ. ಅದನ್ನು ಬರೆಯುವಾಗ ಅವರು ಮೇಯ್ನ್ ರಾಜ್ಯದ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿದ್ದರು, ಅಂದರೆ ನಮ್ಮ ಕಸುಬಿನವರೇ. ಮೊದಲ ಕೆಲವು ಹಾಳೆಗಳನ್ನು ಬರೆದು, ಮನಸ್ಸಿಗೆ ಬಾರದೆ ಕಸದ ಬುಟ್ಟಿಗೆ ಎಸೆದಿದ್ದರಂತೆ. ಹೆಂಡತಿ ಅವುಗಳನ್ನು ಎತ್ತಿ ಓದಿ, ಮುಂದುವರಿಸುವಂತೆ ಒತ್ತಾಯಿಸಿದರು. ಅಂದು ನಾನು ಯಾವ ತೀರ್ಪನ್ನೂ ಕೊಡದೆ ಪುಸ್ತಕವನ್ನು ಎರವಲು ಪಡೆದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಎಂಟು ದಿನ ಓದಿದೆ. ಈಗ ನನ್ನ ಉತ್ತರವನ್ನು ಬರೆಯುತ್ತಿದ್ದೇನೆ. ಅಂದು ಮಾತಾಡಿದವರು ಇದನ್ನು ಓದಿ ಬೇಸರಿಸಬಾರದಾಗಿ ಪ್ರಾರ್ಥನೆ.

ಕಥೆ ಇಷ್ಟು. ಕ್ಯಾರಿ ವೈಟ್ ಎಂಬ ಹದಿಹರೆಯದ ಹುಡುಗಿ. ತಾಯಿ ಮತಭ್ರಾಂತಿಯ ಹೆಂಗಸು. ಮಗಳನ್ನು ಪ್ರಾರ್ಥನೆಗೆಂದು ಕತ್ತಲ ಗೂಡಿನಲ್ಲಿ ಕೂಡಿಹಾಕುವವಳು. ಶಾಲೆಯಲ್ಲಿ ಈ ಹುಡುಗಿ ಎಲ್ಲರ ಗೇಲಿಯ ವಸ್ತು. ವ್ಯಾಯಾಮದ ಅವಧಿ ಮುಗಿದು ಸ್ನಾನದ ಕೋಣೆಯಲ್ಲಿದ್ದಾಗ ಅವಳು ಮೊದಲ ಬಾರಿಗೆ ಋತುಮತಿಯಾಗುತ್ತಾಳೆ. ಅದೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ರಕ್ತ ಸೋರಿ ಸಾಯುತ್ತಿದ್ದೇನೆಂದು ಚೀರುತ್ತಾಳೆ. ಸಹಪಾಠಿಗಳು ಸುತ್ತ ನಿಂತು ಕೂಗಿ ನಗುತ್ತ, ಕೈಗೆ ಸಿಕ್ಕಿದ್ದನ್ನು ಅವಳ ಮೇಲೆ ಎಸೆಯುತ್ತಾರೆ. ಮನಸ್ಸಿನ ಬಲದಿಂದಲೇ ವಸ್ತುಗಳನ್ನು ಅಲುಗಾಡಿಸುವ ಶಕ್ತಿ ಅವಳಲ್ಲಿದೆ. ಕೊನೆಗೆ ಶಾಲೆಯ ನೃತ್ಯಕೂಟದಲ್ಲಿ ಅವಳನ್ನು ರಾಣಿಯೆಂದು ಮೇಲೆ ಕೂರಿಸಿ, ತಲೆಯ ಮೇಲೆ ಹಂದಿಯ ರಕ್ತ ಸುರಿಯುತ್ತಾರೆ. ಆಗ ಅವಳ ಶಕ್ತಿ ಸಿಡಿದು ಸಭಾಂಗಣವೂ ಊರೂ ಸುಟ್ಟುಹೋಗುತ್ತವೆ.

ಇನ್ನು ಅಭಿಪ್ರಾಯಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು ನನ್ನ ಹಳೆಯ ವಿದ್ಯಾರ್ಥಿಯದು. ಈಗ ಬೆಂಗಳೂರಿನಲ್ಲಿ ಇಂಜಿನಿಯರ್. ‘ಸಾರ್, ನಮಗೆ ವಿಜ್ಞಾನ ಕಲಿಸಿದವರು ನೀವು. ಮನಸ್ಸಿನಿಂದ ಬಾಗಿಲು ಮುಚ್ಚುವುದು, ಬೆಂಕಿ ಹಚ್ಚುವುದು, ಇದೆಲ್ಲ ಮೂಢನಂಬಿಕೆಯಲ್ಲವೇ? ಎಚ್. ನರಸಿಂಹಯ್ಯನವರ ನಾಡಿನಲ್ಲಿ ಇಂಥದ್ದನ್ನು ಮಕ್ಕಳ ಕೈಗೆ ಕೊಡಬೇಕೇ?’ ಎಂದ. ಎಚ್ಚೆನ್ ಅವರ ಹೆಸರು ಹೇಳಿದ್ದಕ್ಕೆ ಸಂತೋಷವಾಯಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಧೀರರು ಅವರು. ಆದರೆ ಅವರ ಜಗಳ ನಿಜವೆಂದು ಹೇಳಿ ಜನರನ್ನು ನಂಬಿಸುವವರ ಮೇಲಿತ್ತು. ಕಥೆ ಹೇಳುವವರ ಮೇಲಲ್ಲ. ಬೇತಾಳ ಹೆಗಲೇರಿ ಪ್ರಶ್ನೆ ಕೇಳಿದ್ದನ್ನು ಓದಿ ನಾವು ಯಾರೂ ಸ್ಮಶಾನಕ್ಕೆ ಹೋಗಿ ಹೆಣ ಹೊತ್ತು ತರಲಿಲ್ಲ. ನಮ್ಮ ರಾಜ್ಯ 2017ರಲ್ಲಿ ರೂಪಿಸಿ 2020ರಲ್ಲಿ ಜಾರಿಗೆ ತಂದ ವಾಮಾಚಾರ ತಡೆ ಕಾನೂನೂ ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಹೊಡೆದು ಬಡಿದು ಹಿಂಸಿಸುವುದನ್ನು ಅಪರಾಧವೆನ್ನುತ್ತದೆ. ಈ ಕಾದಂಬರಿಯಲ್ಲಿ ಅಲೌಕಿಕವಾದದ್ದು ಒಂದೇ, ಹುಡುಗಿಯ ಶಕ್ತಿ. ಅದನ್ನು ತೆಗೆದುಹಾಕಿ ಓದಿದರೂ ಗೇಲಿ ಉಳಿಯುತ್ತದೆ, ಕತ್ತಲ ಗೂಡು ಉಳಿಯುತ್ತದೆ, ರಕ್ತದ ಬಕೆಟ್ ಉಳಿಯುತ್ತದೆ. ಇವುಗಳಲ್ಲಿ ಯಾವುದಕ್ಕೂ ಮಂತ್ರ ಬೇಕಿಲ್ಲ.

ಎರಡನೆಯದು ನನ್ನ ತಂಗಿಯದು. ‘ಮುಟ್ಟು ಗಿಟ್ಟು ಅಂತ ಮೊದಲ ಪುಟದಿಂದ ಹೊಲಸು’ ಎಂದಳು. ಅಮ್ಮಾ, ಆ ಹುಡುಗಿ ಹೆದರಿದ್ದು ಅದನ್ನು ಹೊಲಸೆಂದು ಮುಚ್ಚಿಟ್ಟದ್ದರಿಂದಲೇ ಅಲ್ಲವೇ? ನಮ್ಮ ಚಿತ್ರದುರ್ಗ ಸೀಮೆಯ ಕೆಲವು ಹಟ್ಟಿಗಳಲ್ಲಿ ಹೆಣ್ಣುಮಕ್ಕಳನ್ನು ಆ ದಿನಗಳಲ್ಲಿ ಊರ ಹೊರಗೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಹಟ್ಟಿಯವರನ್ನೇಕೆ ದೂರಲಿ? ಬಿ.ಎಸ್ಸಿ., ಬಿ.ಇಡಿ. ಮಾಡಿದ ನಾನೇ ಹತ್ತನೇ ತರಗತಿಯ ಸಂತಾನೋತ್ಪತ್ತಿಯ ಪಾಠ ಬಂದಾಗ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚಿದವನು. ಎಷ್ಟು ವರ್ಷ ಹಾಗೆ ಮಾಡಿದೆನೆಂದು ನನ್ನ ವಿದ್ಯಾರ್ಥಿನಿಯರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮೂರನೆಯದು ನನ್ನ ಅಳಿಯನದು: ‘ಇದು ಸೇಡು ಕಲಿಸುತ್ತದೆ.’ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಕಿಂಗ್ ಅವರೇ ಬೇರೊಂದು ಹೆಸರಿನಲ್ಲಿ 1977ರಲ್ಲಿ ‘ರೇಜ್’ ಎಂಬ ಕಾದಂಬರಿ ಪ್ರಕಟಿಸಿದ್ದರು. ಬಂದೂಕು ಹಿಡಿದು ತರಗತಿಯನ್ನೇ ಒತ್ತೆಯಿರಿಸಿಕೊಳ್ಳುವ ವಿದ್ಯಾರ್ಥಿಯ ಕಥೆ. 1997ರಲ್ಲಿ ಕೆಂಟಕಿಯ ಶಾಲೆಯೊಂದರಲ್ಲಿ ಗುಂಡು ಹಾರಿಸಿದ ಹುಡುಗನ ಬಳಿ ಆ ಪುಸ್ತಕವಿತ್ತೆಂದು ತಿಳಿದ ಮೇಲೆ ಅವರು ಅದರ ಮುದ್ರಣವನ್ನೇ ನಿಲ್ಲಿಸಿದರು. ಪುಸ್ತಕ ಕೊಲೆಗಾರನನ್ನು ಹುಟ್ಟಿಸುವುದಿಲ್ಲ, ಆದರೆ ಮೊದಲೇ ಒಡೆದ ಮನಸ್ಸಿಗೆ ಅದು ಕಿಡಿಯಾಗಬಹುದು ಎಂಬ ಭಾವದ ಮಾತನ್ನು ಅವರು ಆಮೇಲೆ ಬರೆದಿದ್ದಾರೆ. ಎಲ್ಲ ಪುಸ್ತಕವೂ ಎಲ್ಲ ವಯಸ್ಸಿಗೂ ಅಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಐದನೇ ತರಗತಿಯ ಮಗುವಿಗೆ ‘ಕ್ಯಾರಿ’ ಕೊಡೆಂದು ಹೇಳಲಾರೆ.

ಆದರೆ ಅಳಿಯಂದಿರೇ, ನಮ್ಮ ಸೀಮೆಯ ಬಯಲಾಟಗಳಲ್ಲಿ ದ್ರೌಪದಿಯ ವಸ್ತ್ರಾಪಹರಣವನ್ನು ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ನೋಡಿ ಬೆಳೆದವರು ನಾವು. ಅವಮಾನಿತಳಾದ ಹೆಣ್ಣು, ಬಿಚ್ಚಿದ ಮುಡಿ, ದುಶ್ಶಾಸನನ ರಕ್ತ, ಉರಿದು ಬೂದಿಯಾದ ವಂಶ. ಇದು ಸೇಡು ಕಲಿಸುತ್ತದೆಂದು ಯಾವ ತಂದೆಯೂ ಮಗನನ್ನು ಆಟದಿಂದ ಎಬ್ಬಿಸಿಕೊಂಡು ಹೋಗಲಿಲ್ಲ. ಆ ಕಥೆಯಿಂದ ನಾವು ಕಲಿಯಬೇಕಾಗಿದ್ದುದು ತುಂಬಿದ ಸಭೆಯಲ್ಲಿ ಹಿರಿಯರು ತಲೆತಗ್ಗಿಸಿ ಕುಳಿತಿದ್ದರು ಎಂಬುದನ್ನು. ಆ ಹಿರಿಯರಲ್ಲಿ ದ್ರೋಣರೂ ಇದ್ದರು. ಅಂದರೆ ಅಲ್ಲಿ ಒಬ್ಬ ಮೇಷ್ಟ್ರಿದ್ದರು.

ಕಿಂಗ್ ಅವರ ಕಾದಂಬರಿಯಲ್ಲೂ ಒಬ್ಬ ಶಿಕ್ಷಕಿ ಇದ್ದಾಳೆ, ವ್ಯಾಯಾಮ ಕಲಿಸುವವಳು. ಚೀರುವ ಹುಡುಗಿಯನ್ನು ಕಂಡು ಅವಳಿಗೆ ಮೊದಲು ಬಂದದ್ದು ಕನಿಕರವಲ್ಲ, ಅಸಹ್ಯ, ಕೆನ್ನೆಗೆ ಹೊಡೆಯುತ್ತಾಳೆ. ಆಮೇಲೆ ನಾಚಿ, ಗೇಲಿ ಮಾಡಿದವರಿಗೆ ಶಿಕ್ಷೆ ಕೊಡಿಸುತ್ತಾಳೆ. ಎಲ್ಲ ಸುಟ್ಟುಹೋದ ಮೇಲೆ ಕೆಲಸಕ್ಕೆ ರಾಜೀನಾಮೆ ಬರೆದು, ಆ ಹುಡುಗಿಯತ್ತ ತಾನೊಮ್ಮೆ ಕೈಚಾಚಿದ್ದಿದ್ದರೆ ಎಂದು ಕೊರಗುತ್ತಾಳೆ. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದು, ನಾಲ್ಕನೆಯ ಅಭಿಪ್ರಾಯಕ್ಕೆ ಉತ್ತರ ಕೊಡುತ್ತ ಹೇಳುತ್ತೇನೆ.

‘ಇದೆಲ್ಲ ಅಮೆರಿಕದ ಶಾಲೆಗಳ ಕಥೆ. ನಮ್ಮಲ್ಲಿ ಹೀಗೆಲ್ಲ ಇಲ್ಲ.’ ಇದನ್ನು ಹೇಳಿದವರು ಒಬ್ಬರಲ್ಲ, ಬಹುಮಂದಿ. ತಲೆಯಾಡಿಸಿದವರಲ್ಲಿ ನನ್ನ ಸಹೋದ್ಯೋಗಿಗಳಾಗಿದ್ದ ಒಬ್ಬ ನಿವೃತ್ತ ಶಿಕ್ಷಕರೂ ಇದ್ದರು.

1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ‘ನಾಳೆ ಬಾ’ ಎಂಬ ಗುಲ್ಲೆದ್ದಿದ್ದು ನಿಮಗೆ ನೆನಪಿರಬಹುದು. ರಾತ್ರಿ ಹೆಣ್ಣು ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ಹಿಂದಿರುಗುತ್ತದೆ ಎಂಬ ವದಂತಿ. ಹತ್ತನೇ ತರಗತಿಗೆ ಬಂದರೂ ನೆಟ್ಟಗೆ ಕನ್ನಡ ಓದಲು ಬಾರದ ಮಕ್ಕಳಿರುವಾಗ ದೆವ್ವಕ್ಕೆ ಎಷ್ಟು ಚೆನ್ನಾಗಿ ಓದು ಬರುತ್ತದೆ ಎಂದು ನಾವು ಶಿಕ್ಷಕರು ನಗುತ್ತಿದ್ದೆವು.

ನಾನಾಗ ಕೆಲಸ ಮಾಡುತ್ತಿದ್ದ ಶಾಲೆಯ ಹೆಸರು ಬೇಡ. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಹೆಸರೂ ಬೇಡ. ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದವಳು ಮೂರ್ಛೆ ಬಂದು ಬಿದ್ದಳು. ಯಾರೋ ಕೈಗೆ ಬೀಗದ ಕೈಗೊಂಚಲು ತುರುಕಿದರು, ಯಾರೋ ಮೂಗಿಗೆ ಈರುಳ್ಳಿ ಹಿಡಿದರು. ಆಮೇಲೆ ಅವಳ ಮೈಮೇಲೆ ದೆವ್ವ ಬರುತ್ತದೆ ಎಂಬ ಮಾತು ಹುಟ್ಟಿತು. ಅವಳ ಬೆಂಚಿನಲ್ಲಿ ಯಾರೂ ಕೂರದಾದರು. ಅದು ಮೆದುಳಿನ ಒಂದು ಕಾಯಿಲೆ, ಔಷಧದಿಂದ ಹತ್ತರಲ್ಲಿ ಏಳು ಮಂದಿಗೆ ಹತೋಟಿಗೆ ಬರಬಹುದಾದ ಕಾಯಿಲೆ ಎಂದು ತರಗತಿಗೆ ತಿಳಿಸಲು ಹತ್ತು ನಿಮಿಷ ಸಾಕಿತ್ತು. ನರಮಂಡಲದ ಪಾಠ ಮಾಡುವವನು ನಾನೇ. ಅಪಸ್ಮಾರ ಸೋಂಕುರೋಗವಲ್ಲವೆಂದು ನನಗೆ ಗೊತ್ತಿತ್ತು. ಪರೀಕ್ಷೆಗೆ ಬಾರದ ವಿಷಯವೆಂದು ಸುಮ್ಮನಿದ್ದೆ.

ಒಂದು ದಿನ ನಾನು ತರಗತಿಗೆ ಹೋದಾಗ ಅವಳ ಬೆಂಚಿನ ಮೇಲೆ ಸೀಮೆಸುಣ್ಣದಿಂದ ‘ನಾಳೆ ಬಾ’ ಎಂದು ದಪ್ಪಗೆ ಬರೆದಿತ್ತು. ಅವಳು ಪಕ್ಕದಲ್ಲಿ ನಿಂತಿದ್ದಳು. ಯಾರು ಬರೆದದ್ದೆಂದು ಕೇಳಿದೆ, ಯಾರೂ ಬಾಯಿಬಿಡಲಿಲ್ಲ. ಆಗ ನಾನು, ‘ಪರವಾಗಿಲ್ಲ, ಕಾಗುಣಿತವಾದರೂ ಸರಿಯಾಗಿದೆ’ ಎಂದೆ. ಇಡೀ ತರಗತಿ ನಕ್ಕಿತು. ಅದಕ್ಕೂ ಮೊದಲು ನಕ್ಕಿದ್ದು ಹುಡುಗರಷ್ಟೇ. ಆ ಮಾತಿನಿಂದ ನಾನೂ ಅವರ ಜೊತೆ ಸೇರಿದೆ.

ಮಧ್ಯಾಹ್ನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ನಾನು ಕಿರುಪರೀಕ್ಷೆಯ ಅಂಕ ಕೂಡಿಸುತ್ತಿದ್ದೆ. ತಲೆ ಎತ್ತದೆ, ‘ಈಗ ಬೇಡಮ್ಮ, ನಾಳೆ ಬಾ’ ಎಂದೆ.

ನಾನು ಏನೆಂದೆ ಎಂಬುದು ನನ್ನ ಕಿವಿಗೆ ಬಿದ್ದದ್ದು ರಾತ್ರಿ, ಬಾಡಿಗೆ ಮನೆಯ ಬಾಗಿಲ ಮೇಲೆ ಮಾಲೀಕರು ಬರೆಸಿದ್ದ ಅದೇ ಎರಡು ಪದಗಳನ್ನು ಕಂಡಾಗ. ಮರುದಿನ ಅವಳು ಬರಲಿಲ್ಲ. ಕೆಲವು ದಿನಗಳ ಮೇಲೆ ಅವಳ ತಂದೆ ಸಂತೆಯಲ್ಲಿ ಸಿಕ್ಕು, ‘ಅಕಿ ಇನ್ನ ಇಸ್ಕೂಲಿಗೆ ಬರಲ್ಲ ಅಂತಾಳೆ ಸಾರ್, ಬಿಟ್ಟುಬಿಡ್ರಿ’ ಎಂದರು. ಬಿಟ್ಟುಬಿಟ್ಟೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ದೀರ್ಘ ಗೈರುಹಾಜರಿ’ ಎಂದು ಕೆಂಪು ಶಾಯಿಯಲ್ಲಿ ಬರೆದದ್ದು ನನ್ನದೇ ಕೈ.

ಕಿಂಗ್ ಅವರು 2000ದಲ್ಲಿ ಪ್ರಕಟಿಸಿದ ತಮ್ಮ ಬರವಣಿಗೆಯ ನೆನಪುಗಳಲ್ಲಿ, ಕ್ಯಾರಿಯ ಪಾತ್ರಕ್ಕೆ ತಾವು ಶಾಲೆಯಲ್ಲಿ ಕಂಡಿದ್ದ ಇಬ್ಬರು ಹುಡುಗಿಯರು ಮೂಲವೆಂದು ತಿಳಿಸಿದ್ದಾರೆ. ಒಬ್ಬಳು ದಿನವೂ ಅದೇ ಉಡುಪಿನಲ್ಲಿ ಬರುತ್ತಿದ್ದವಳು. ಕ್ರಿಸ್‌ಮಸ್ ರಜೆ ಮುಗಿಸಿ ಹೊಸ ಬಟ್ಟೆ ತೊಟ್ಟು ಬಂದಾಗ ಗೇಲಿ ಕಡಿಮೆಯಾಗುವ ಬದಲು ಇನ್ನೂ ಹೆಚ್ಚಾಯಿತಂತೆ. ಇನ್ನೊಬ್ಬಳಿಗೆ ಮೂರ್ಛೆರೋಗವಿತ್ತು. ಕಾದಂಬರಿ ಬರೆಯುವ ವೇಳೆಗೆ ಇಬ್ಬರೂ ತೀರಿಕೊಂಡಿದ್ದರು. ಬೆಂಕಿ ಹಚ್ಚುವ ಶಕ್ತಿ ಅವರಿಬ್ಬರಿಗೂ ಇರಲಿಲ್ಲ. ನಮ್ಮ ಹುಡುಗಿಗೂ ಇರಲಿಲ್ಲ. ಅದಕ್ಕೇ ನಮ್ಮ ಶಾಲೆಗಳು ಇನ್ನೂ ಸುಡದೆ ನಿಂತಿವೆ, ನಾವು ನೆಮ್ಮದಿಯಿಂದ ‘ನಮ್ಮಲ್ಲಿ ಹೀಗೆಲ್ಲ ಇಲ್ಲ’ ಎನ್ನುತ್ತಿದ್ದೇವೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಒಳ್ಳೆಯದೇ. ಆದರೆ ಕುಂಟ, ಕರಿಯ, ತೊದಲ ಎಂಬ ಅಡ್ಡಹೆಸರುಗಳನ್ನೂ, ಜಾತಿ ಹಿಡಿದು ಕರೆಯುವುದನ್ನೂ, ಖಾಲಿ ಬಿಟ್ಟ ಬೆಂಚನ್ನೂ ಯಾವ ರಿಜಿಸ್ಟರಿನಲ್ಲೂ ಬರೆಯುವುದಿಲ್ಲ. ಅವನ್ನು ಕಾಣಬೇಕಾದವನು ತರಗತಿಯಲ್ಲಿ ನಿಂತ ಮೇಷ್ಟ್ರು. ಅವನೇ ನಕ್ಕರೆ ದೂರು ಯಾರಿಗೆ?

ಆ ತರಗತಿಯಲ್ಲಿದ್ದವರು ಕೆಲವರು ಇದನ್ನು ಓದುತ್ತಿದ್ದೀರಿ. ನಿಮ್ಮನ್ನು ದೂರಲು ಬರೆದದ್ದಲ್ಲ. ನೀವಾಗ ಮಕ್ಕಳು, ನಾನು ಮಗುವಾಗಿರಲಿಲ್ಲ. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರು, ಎಲ್ಲರೂ ತಂದೆತಾಯಿಗಳು. ಮಕ್ಕಳ ಕೈಯಿಂದ ದೆವ್ವದ ಪುಸ್ತಕ ಕಿತ್ತುಕೊಳ್ಳುವ ಮೊದಲು, ನಿಮ್ಮ ತರಗತಿಯಲ್ಲಿ ಯಾರ ಪಕ್ಕದ ಜಾಗ ಖಾಲಿಯಿದೆ ಎಂದು ಕೇಳಿ. ಉತ್ತರ ಬರುವವರೆಗೂ ಅವರೆದುರು ಕುಳಿತಿರಿ.

ನಾನು ಪುಸ್ತಕ ಹಿಂದಿರುಗಿಸುವಾಗ ಮೊಮ್ಮಗಳಿಗೆ ಅದನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಹಾಸ್ಟೆಲಿನಲ್ಲೂ ಒಬ್ಬಳಿದ್ದಾಳೆ ಅಜ್ಜ. ಊಟಕ್ಕೆ ಯಾರೂ ಅವಳ ಹತ್ತಿರ ಕೂರಲ್ಲ’ ಎಂದಳು. ‘ನೀನು?’ ಎಂದೆ. ತಲೆ ತಗ್ಗಿಸಿದಳು. ‘ಈ ಸಲ ಹೋದಾಗ ಕೂರ್ತೀನಿ’ ಎಂದಳು. ‘ಹೋದ ದಿನವೇ ಕೂರಮ್ಮ, ಮರುದಿನಕ್ಕೆ ಇಟ್ಟುಕೊಳ್ಳಬೇಡ’ ಎಂದೆ. ಈ ಮನೆಯಲ್ಲಿ ಆ ಪುಸ್ತಕವನ್ನು ನಿಜವಾಗಿ ಓದಿದವಳು ಅವಳೊಬ್ಬಳೇ ಎಂದು ನನಗನ್ನಿಸಿತು.

ಒಪ್ಪದವರು ಬರೆಯಿರಿ, ನಾನು ಉತ್ತರಿಸುತ್ತೇನೆ. ಆ ಹುಡುಗಿಯ ಸುದ್ದಿ ಯಾರಿಗಾದರೂ ಗೊತ್ತಿದ್ದರೆ ನನಗೆ ಮಾತ್ರ ತಿಳಿಸಿ. ಮೇಷ್ಟ್ರು ಕ್ಷಮೆ ಕೇಳಲು ಬರಬಹುದೇ ಎಂದು ಅವಳನ್ನು ಕೇಳಿ ನೋಡಿ. ಬೇಡವೆಂದರೆ ಅದೂ ಅವಳ ಹಕ್ಕು.

ಇತಿ ನಿಮ್ಮ ಮೇಷ್ಟ್ರು
ಸೊಕ್ಕೆ