ಮಾಮ ಬೈಯಲಿಲ್ಲ

ಓದುಗರೇ, ಸೋತು ಬಂದ ಮಗುವಿಗೆ ನೀವು ಮೊದಲು ಕೊಡುವುದೇನು, ಬುದ್ಧಿವಾದವನ್ನೇ?

2003ರ ಬೇಸಿಗೆ ರಜೆಯಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಮಾಮನ ಮನೆಯಲ್ಲಿದ್ದಾಗ ಊರಿನಿಂದ ಸುದ್ದಿ ಬಂತು: ನಾನು ಎಸ್ಸೆಸ್ಸೆಲ್ಸಿಯಲ್ಲಿ ಫೇಲ್. ಮಾಮ ಬೈಯಲಿಲ್ಲ. ಮರುದಿನ ಬಂಕರ್ ಹಿಲ್ ಸ್ಮಾರಕದ 294 ಮೆಟ್ಟಿಲು ಹತ್ತಿಸಿದರು. ಅಸರ್ ನಮಾಝ್ ಮುಗಿಸಿ ಫೆನ್‌ವೇ ಪಾರ್ಕಿಗೆ ಬೇಸ್‌ಬಾಲ್ ನೋಡಲು ಕರೆದೊಯ್ದರು. ಆ ಊರಿನ ರೆಡ್ ಸಾಕ್ಸ್ ತಂಡ 1918ರ ನಂತರ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ. ಆದರೂ ಮೈದಾನ ತುಂಬಿತ್ತು.

“ನೋಡು ಮಗಾ, ಸೋತರೂ ಇವರು ಕೈಬಿಟ್ಟಿಲ್ಲ” ಎಂದರು. ಅಷ್ಟೇ.

ಮರುಪರೀಕ್ಷೆಯಲ್ಲಿ ನಾನು ಪಾಸಾದೆ. 2004ರಲ್ಲಿ, 86 ವರ್ಷಗಳ ಬಳಿಕ, ಆ ತಂಡವೂ ಗೆದ್ದಿತು.

ಮಾಮ ಈಗಿಲ್ಲ. ಅಲ್ಲಾಹನು ಅವರಿಗೆ ಸ್ವರ್ಗ ಕರುಣಿಸಲಿ. ನಿಮ್ಮ ಮನೆಯಲ್ಲೂ ಸೋತು ಕುಳಿತ ಮಗುವಿದ್ದರೆ ಉಪದೇಶವನ್ನು ನಾಳೆಗಿಡಿ. ಇಂದು ಅದರ ಪಕ್ಕದಲ್ಲಿ ಕುಳಿತುಕೊಳ್ಳಿ.