ಮೂವತ್ತೈದು ಆಸನಗಳ ಲೆಕ್ಕ

ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನದಲ್ಲಿ 145 ಆಸನಗಳಿದ್ದವು. 2003ರಲ್ಲಿ ಬೆಂಗಳೂರಿನಲ್ಲಿ ಜನ್ಮತಾಳಿದ ಏರ್ ಡೆಕ್ಕನ್, ಮೇಲ್ದರ್ಜೆಯನ್ನು ಕೈಬಿಟ್ಟು, ಸಾಲುಗಳನ್ನು ಒತ್ತೊತ್ತಾಗಿಸಿ, ಅಂಥದೇ ವಿಮಾನದಲ್ಲಿ 180 ಆಸನಗಳನ್ನು ಅಳವಡಿಸಿತು. ಇದನ್ನು ದುರಾಸೆಯೆಂದು ಜರೆಯುವುದು ಸಲ್ಲದು. ಹಾರಾಟವೊಂದರ ವೆಚ್ಚ 9 ಲಕ್ಷ ರೂ. ಎಂದಿಟ್ಟುಕೊಂಡರೆ, 145 ಆಸನಗಳಿಗೆ ತಲಾ 6,207 ರೂ. ಬೀಳುತ್ತದೆ, 180ಕ್ಕೆ 5,000 ರೂ. ಮಾತ್ರ. ಹೆಚ್ಚುವರಿಯಾಗಿ ಬೇಕಾಗುವುದು ಒಬ್ಬ ಗಗನಸಖಿ ಮತ್ತು ತುಸು ಇಂಧನ. ಸಣ್ಣ ವರ್ತಕನೂ ವಿಮಾನವೇರುವಂತಾದದ್ದು ಈ ಲೆಕ್ಕದಿಂದಲೇ.

ಆದರೆ ಇದು ಆಸನದ ಲೆಕ್ಕ, ಪ್ರಯಾಣಿಕನದಲ್ಲ. ವಿಮಾನವೇರಿದವರು 130 ಮಂದಿಯೇ ಆದಲ್ಲಿ ಎರಡು ವ್ಯವಸ್ಥೆಗಳಲ್ಲೂ ತಲಾ ವೆಚ್ಚ ಹೆಚ್ಚುಕಡಿಮೆ 6,923 ರೂ. ಉಳಿತಾಯವಿಲ್ಲ, ಮೊಣಕಾಲಿನ ಇಕ್ಕಟ್ಟು ಮಾತ್ರ ಅಷ್ಟೂ ಮಂದಿಗೆ ತಪ್ಪದು. ಮೇಲಾಗಿ, ವಿಮಾನ ಇಂಧನವನ್ನು 2017ರಿಂದಲೂ ಜಿಎಸ್‌ಟಿಯ ಹೊರಗಿಟ್ಟಿರುವುದರಿಂದ, ಅದರ ಮೇಲೆ ತೆತ್ತ ರಾಜ್ಯ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಆ ಹೊರೆಯನ್ನು ಇಳಿಸದೆ ಅಂಗುಲಗಳನ್ನಷ್ಟೇ ಕತ್ತರಿಸುತ್ತ ಹೋದರೆ ದರ ಎಷ್ಟು ತಾನೇ ಇಳಿದೀತು?

ಬಿಸ್ಕತ್ತಿನ ಪೊಟ್ಟಣದ ಮೇಲೆ ನಿವ್ವಳ ತೂಕ ನಮೂದಿಸುವುದು ಕಡ್ಡಾಯ. ಹಾಗೆಯೇ ಆಸನದಿಂದ ಆಸನಕ್ಕಿರುವ ಅಂತರವೂ ದರದ ಪಕ್ಕದಲ್ಲೇ ಟಿಕೆಟ್ಟಿನಲ್ಲಿ ಮುದ್ರಿತವಾಗಬೇಕು. ವಾಣಿಜ್ಯೋದ್ಯಮ ಸಂಸ್ಥೆಗಳು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮುಂದೆ ಮೊದಲು ಇಡಬೇಕಾದ ಬೇಡಿಕೆ ಇದು.